ಕ್ರೊಕೋಸ್ಮಿಯಾ ಗಡ್ಡೆಯ ಸರ ಮುರಿಯಬೇಡಿ

ಇಲ್ಲಿ ಇಂಗ್ಲೆಂಡಿನಲ್ಲಿ ಜುಲೈ ಹೊತ್ತಿಗೆ ಗುಲಾಬಿಯ ಮೊದಲ ಸುಗ್ಗಿ ಮುಗಿದಿರುತ್ತದೆ. ಆಗ ನಮ್ಮ ಹಿತ್ತಲನ್ನು ಕೆಂಪಾಗಿಸುವುದು ಕ್ರೊಕೋಸ್ಮಿಯಾ ಎಂಬ ಗಡ್ಡೆಯ ಹೂಗಿಡ. ಎಲೆ ಗ್ಲಾಡಿಯೋಲಸ್ ಎಲೆಯ ಹಾಗೆಯೇ, ಉದ್ದಕ್ಕೂ ನೆರಿಗೆ. ಹೂ ಮಾತ್ರ ಚಿಕ್ಕದು. ಬಾಗಿದ ಕಡ್ಡಿಯ ಮೇಲೆ ಸಾಲಾಗಿ ಕೂತು, ಬುಡದಿಂದ ತುದಿಯ ಕಡೆಗೆ ಒಂದೊಂದೇ ಅರಳುತ್ತವೆ.

ಮೂಲ ದಕ್ಷಿಣ ಆಫ್ರಿಕಾ ಕಡೆಯದು. ನನ್ನ ಹತ್ತಿರ ಇರುವ ತಳಿ 'ಲೂಸಿಫರ್'. ನಾರ್ಫೋಕ್‌ನ ಬ್ರೆಸಿಂಗ್‌ಹ್ಯಾಮ್‌ನಲ್ಲಿ 1960ರ ದಶಕದಲ್ಲಿ ಅಲನ್ ಬ್ಲೂಮ್ ಎಂಬ ತೋಟಗಾರರು ಬೆಳೆಸಿ ತಂದದ್ದು. ನಾಲ್ಕಡಿ ತನಕ ಏಳುತ್ತದೆ, ಇಲ್ಲಿನ ಚಳಿಗೂ ಜಗ್ಗುವುದಿಲ್ಲ.

ಪ್ಯಾಕೆಟ್‌ನಲ್ಲಿ ಬರುವ ಗಡ್ಡೆ ಒಣಗಿರುತ್ತದೆ. ಅದನ್ನು ಮಾರ್ಚ್‌ನಲ್ಲಿ ಕುಂಡದಲ್ಲೇ ಚಿಗುರಿಸಿಕೊಂಡು ಆಮೇಲೆ ನೆಲಕ್ಕೆ ಹಾಕುತ್ತೇನೆ. ಆಳ 8–10 ಸೆಂ.ಮೀ. ಇರಲಿ. ನಮ್ಮದು ಜೇಡಿಮಣ್ಣು, ಹಾಗಾಗಿ ಕಾಂಪೋಸ್ಟ್ ಧಾರಾಳವಾಗಿ ಬೆರೆಸುತ್ತೇನೆ. ಚಳಿಗಾಲದಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಮೊದಲ ವರ್ಷ ಬರೀ ಎಲೆ ಬಂದರೂ ಸುಮ್ನೆ ಬಿಟ್ಟುಬಿಡಿ.

ಮೂರ್ನಾಲ್ಕು ವರ್ಷಕ್ಕೆ ಬುಡ ಒತ್ತಾಗಿ ಹೂ ಕಮ್ಮಿಯಾಗುತ್ತದೆ. ಆಗ ಬರುವುದು ನನಗೆ ಇಷ್ಟದ ಕೆಲಸ. ವಸಂತ ಶುರುವಾಗುವ ಹೊತ್ತಿಗೆ ಇಡೀ ಬುಡ ಎಬ್ಬಿಸಿ ಮಣ್ಣು ಕೊಡವುತ್ತೇನೆ. ಒಳಗೆ ಧಾರವಾಡ ಪೇಡ ಪೇರಿಸಿಟ್ಟ ಹಾಗೆ ಗಡ್ಡೆಯ ಮೇಲೆ ಗಡ್ಡೆ! ಪ್ರತಿ ವರ್ಷ ಹಳೆಯದರ ನೆತ್ತಿಯ ಮೇಲೆ ಹೊಸದೊಂದು ಕೂರುತ್ತದೆ. ತಳದವು ಕಂದುಗಟ್ಟಿ, ನಾರು ಸುತ್ತಿಕೊಂಡು ಸತ್ತಂತೆ ಕಾಣುತ್ತವೆ. ಹೆಬ್ಬೆರಳಲ್ಲಿ ಒತ್ತಿ ನೋಡಿ, ಇನ್ನೂ ಗಟ್ಟಿ ಇರುತ್ತವೆ. ಕೆಲವರು ಅವನ್ನು ಮುರಿದು ಎಸೆಯುತ್ತಾರೆ. ನಾನು ಮುರಿಯುವುದಿಲ್ಲ. ಮೇಲಿನ ಗಡ್ಡೆಗೆ ಬೇಕಾದ ಕೂಡಿಟ್ಟ ಊಟ ಅದರಲ್ಲೇ ತಾನೇ ಇರುವುದು? ಗುಂಪನ್ನು ಬಿಡಿಸುವುದಷ್ಟೇ, ಸರವನ್ನು ಇಡಿಯಾಗಿಯೇ ಹೂಳುತ್ತೇನೆ.

ಗೊಬ್ಬರಕ್ಕಿಂತ ನೀರಿನ ಚಿಂತೆ ಜಾಸ್ತಿ. ಮೇ, ಜೂನ್ ಒಣಗಿದರೆ ಹೂ ಸೊರಗುತ್ತದೆ, ಎಲೆಗೆ ಕೆಂಪು ನುಸಿಯೂ ಹತ್ತುತ್ತದೆ. ವಾರಕ್ಕೊಮ್ಮೆ ಬುಡ ತೋಯುವಷ್ಟು ನೀರು ಕೊಡುತ್ತೇನೆ. ಒಣಗಿದ ಎಲೆಯನ್ನು ಚಳಿಗಾಲ ಮುಗಿಯುವ ತನಕ ಕೊಯ್ಯುವುದಿಲ್ಲ, ಗಡ್ಡೆಗೆ ಅದೇ ಹೊದಿಕೆ.

ಮಿಕ್ಕ ಗಡ್ಡೆಯನ್ನು ಬೇಲಿಯಾಚೆ ಮಾತ್ರ ಎಸೆಯಬೇಡಿ. ಇದರ ನೆಂಟ ಮಾಂಟ್‌ಬ್ರೇಷಿಯಾ ಹಾಗೆಯೇ ತೋಟ ದಾಟಿ ಇಲ್ಲಿನ ಬೇಲಿಸಾಲು, ಕಡಲತೀರ ಹಿಡಿದಿದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಅದನ್ನು ತೋಟದಾಚೆ ಬಯಲಲ್ಲಿ ನೆಡುವುದು ಅಪರಾಧ. ನಾನಂತೂ ಕಾಂಪೋಸ್ಟ್ ಡಬ್ಬಿಗೂ ಹಾಕುವುದಿಲ್ಲ, ಅಲ್ಲೂ ಚಿಗುರಿಬಿಡುತ್ತದೆ.