ಬ್ಲೇಡ್ ಹಿಡಿದು ಎಂಡ್‌ಪ್ಲೇಟ್ ಜೀನ್ ಹುಡುಕಿದ್ದು: ನನ್ನ ಅನುಭವ

ನರದ ತುದಿ ಸ್ನಾಯು ಫೈಬರ್‌ಗೆ ಸೇರುವ ಜಾಗವೇ ಎಂಡ್‌ಪ್ಲೇಟ್. ಅಲ್ಲಿ ಯಾವ ಜೀನ್ ಕೆಲಸ ಮಾಡುತ್ತವೆ ಎಂದು ನೋಡಬೇಕಾದರೆ ಸಿಂಗಲ್ ನ್ಯೂಕ್ಲಿಯಸ್ ಸೀಕ್ವೆನ್ಸಿಂಗ್ (ಒಂದೊಂದೇ ನ್ಯೂಕ್ಲಿಯಸ್‌ನ ಆರ್‌ಎನ್‌ಎ ಓದುವುದು) ಒಂದೇ ದಾರಿ ಎಂದು ಲ್ಯಾಬ್ ಮೀಟಿಂಗ್‌ನಲ್ಲಿ ಎಲ್ಲರೂ ಹೇಳಿದ್ದರು. ಬ್ಲೇಡ್ ಮತ್ತು ಕ್ಯೂಪಿಸಿಆರ್ (ಆಯ್ದ ಜೀನ್‌ನ ಆರ್‌ಎನ್‌ಎ ಎಷ್ಟಿದೆ ಎಂದು ಅಳೆಯುವ ವಿಧಾನ) ಸಾಕು ಎಂದು ನಾನು ಹಟ ಹಿಡಿದೆ. ಈಗ ಇಲಿಯ ಡಯಾಫ್ರಂನಲ್ಲಿ (ಉಸಿರಾಟದ ಸ್ನಾಯು) ಎಂಡ್‌ಪ್ಲೇಟ್‌ಗಳು ಸಾಲಾಗಿರುವ ಪಟ್ಟಿಗೂ ಪಕ್ಕದ ಭಾಗಕ್ಕೂ, ನರದ ಸಂದೇಶ ಹಿಡಿಯುವ ಅಸಿಟೈಲ್‌ಕೊಲಿನ್ ರಿಸೆಪ್ಟರ್‌ನ ಎಪ್ಸಿಲಾನ್ ಸಬ್‌ಯೂನಿಟ್‌ನ ಎಂಆರ್‌ಎನ್‌ಎ ಸುಮಾರು 10 ಪಟ್ಟು ವ್ಯತ್ಯಾಸ ಕೊಡುತ್ತಿದೆ. ಎಂಡ್‌ಪ್ಲೇಟ್ ಕಟ್ಟಲು ಬೇಕಾದ ಮಸ್ಕ್ ಜೀನ್ ಕೂಡ ಚೆನ್ನಾಗಿ ಏರಿದೆ. ನಮ್ಮ ಜೂನಿಯರ್‌ಗಳು ಕತ್ತರಿಸಿದರೂ ಹಾಗೇ ಬರುತ್ತದೆ.

ತೊಂದರೆ ನಿಮಗೂ ಗೊತ್ತು. ಒಂದು ಫೈಬರ್‌ನಲ್ಲಿ ನೂರಾರು ನ್ಯೂಕ್ಲಿಯಸ್, ನರದ ತುದಿಯ ಕೆಳಗಿರುವುದು ಬೆರಳೆಣಿಕೆಯಷ್ಟು. ಇಡೀ ಸ್ನಾಯು ಅರೆದರೆ ಹಂಡೆ ನೀರಿಗೆ ಚಿಟಿಕೆ ಉಪ್ಪು ಹಾಕಿದಂತೆ. ಸೀಕ್ವೆನ್ಸಿಂಗ್‌ಗೆ ಸ್ಯಾಂಪಲ್ಲಿಗೆ 2 ಲಕ್ಷದ ಮೇಲೆ ಕೊಟೇಶನ್ ಬಂತು. ನಮ್ಮ ಗ್ರಾಂಟ್‌ನಲ್ಲಿ ಅಷ್ಟು ದುಡ್ಡು ಎಲ್ಲಿಂದ ಬರಬೇಕು?

ಮೊದಲು ಕೊಲಾಜಿನೇಸ್ ಕಿಣ್ವ ಹಾಕಿ ಒಂಟಿ ಫೈಬರ್ ಬಿಡಿಸಿ ನೋಡಿದೆ. 37 ಡಿಗ್ರಿಯಲ್ಲಿ ಎರಡು ಗಂಟೆ ಇಡುವಷ್ಟರಲ್ಲಿ ಒತ್ತಡ ಬಿದ್ದಾಗ ಏಳುವ ಫಾಸ್, ಜುನ್ ಜೀನ್‌ಗಳು ಏರಿ ಕೂತಿದ್ದವು. ಆಮೇಲೆ ಫ್ಲೋರೆಸೆಂಟ್ ಬಂಗಾರೊಟಾಕ್ಸಿನ್, ಎಂಡ್‌ಪ್ಲೇಟ್‌ನ ರಿಸೆಪ್ಟರ್‌ಗೆ ಅಂಟಿ ಹೊಳೆಯುವ ಹಾವಿನ ವಿಷ. ಒಂದು ವಯಲ್‌ಗೆ ₹30 ಸಾವಿರದ ಆಸುಪಾಸು. ಬಣ್ಣ ಹಿಡಿದು, ತೊಳೆದು, ಸ್ಕೋಪ್ ಕೆಳಗೆ ಕತ್ತರಿಸುವಷ್ಟರಲ್ಲಿ ಆರ್‌ಎನ್‌ಎ ಹಾಳು. ಆರ್‌ಎನ್‌ಎ ಕೆಡದಂತೆ ಕಾಯುವ ಆರ್‌ಎನ್‌ಎ-ಲೇಟರ್ ದ್ರಾವಣದಲ್ಲಿ ಅದ್ದಿದರೆ ಸ್ನಾಯು ಬೆಳ್ಳಗಾಗಿ ನರವೇ ಕಾಣುವುದಿಲ್ಲ. ಆರ್‌ಎನ್‌ಎ ತೆಗೆಯುವ ಕಾಲಮ್ ಕಿಟ್‌ಗೂ ಸುಮ್ನೆ ದುಡ್ಡು ಹೋಯಿತು. ಇಷ್ಟು ಚಿಕ್ಕ ಪಟ್ಟಿಗೆ ಟ್ರೈಝಾಲ್ ದ್ರಾವಣವೇ ಸರಿ.

1985ರಲ್ಲೇ ಮರ್ಲಿ ಮತ್ತು ಸೇನ್ಸ್ ಸಿನಾಪ್ಸ್ (ನರ-ಸ್ನಾಯು ಸೇರುವ ಜಾಗ) ಇರುವ ಭಾಗ, ಇಲ್ಲದ ಭಾಗ ಬೇರೆ ಮಾಡಿ ರಿಸೆಪ್ಟರ್ ಎಂಆರ್‌ಎನ್‌ಎ ಹೋಲಿಸಿದ್ದರು. ಆಗ ಆಗಿದ್ದು ಈಗ ಯಾಕೆ ಆಗಬಾರದು, ಅಲ್ವಾ? ಡಯಾಫ್ರಂನಲ್ಲಿ ಫ್ರೆನಿಕ್ ನರದ ಕವಲುಗಳು ಫೈಬರ್‌ಗಳ ನಡುಮಧ್ಯದಲ್ಲೇ ಹರಡುತ್ತವೆ. ಹಾಗಾಗಿ ಡಯಾಫ್ರಂನ ಒಂದು ಅರ್ಧವನ್ನು, ಎಂಡ್‌ಪ್ಲೇಟ್‌ನಲ್ಲಿರುವ ಕೊಲಿನೆಸ್ಟರೇಸ್ ಕಿಣ್ವವನ್ನು ತೋರಿಸುವ ಬಣ್ಣಕ್ಕೆ ಹಾಕುತ್ತೇನೆ. ಅಸಿಟೈಲ್‌ಥಯೋಕೊಲಿನ್, ತಾಮ್ರದ ಸಲ್ಫೇಟ್, ಫೆರಿಸೈನೈಡ್, ಎಲ್ಲ ಸೇರಿ ಕೆಲವು ಸಾವಿರ. ವರ್ಷಗಟ್ಟಲೆ ಬರುತ್ತದೆ. ಕಂದು ಚುಕ್ಕೆಗಳ ಸಾಲೇ ನನಗೆ ನಕ್ಷೆ. ಇನ್ನೊಂದು ಅರ್ಧವನ್ನು ಬಣ್ಣ ಹಾಕದೆ, ಐಸ್ ಮೇಲೆ ಪಿನ್ ಮಾಡಿ, 2 ಮಿಲಿಮೀಟರ್ ಪಟ್ಟಿ ತೆಗೆದು ನೇರವಾಗಿ ಲಿಕ್ವಿಡ್ ನೈಟ್ರೋಜನ್‌ಗೆ. ಐದು ನಿಮಿಷ ದಾಟಬಾರದು. ನಕ್ಷೆಯನ್ನು ಇನ್ನೊಂದು ಅರ್ಧಕ್ಕೆ ಹೇಗೆ ಹೊಂದಿಸುತ್ತೇನೆ ಎನ್ನುವುದನ್ನು ಪೇಪರ್ ಬರುವ ತನಕ ಹೇಳುವುದಿಲ್ಲ.

ಇದೇ ಬ್ಲೇಡ್ ಹಿಡಿದು ಮೀನಖಂಡದ ಸ್ನಾಯುವಿಗೂ ಹೋದೆ. ಅಲ್ಲಿ ಫೈಬರ್‌ಗಳು ಓರೆ, ಎಂಡ್‌ಪ್ಲೇಟ್‌ಗಳು ನೇರ ಪಟ್ಟಿಯಲ್ಲಿ ಸಿಗುವುದಿಲ್ಲ. ಬಿಟ್ಟೆ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು ಒಂದು ಬದಿಯ ಫ್ರೆನಿಕ್ ನರ ಕತ್ತರಿಸಿದ್ದು ಮಾತ್ರ ನನಗೆ ತುಂಬಾ ಖುಷಿ ಕೊಟ್ಟಿತು. ಕೆಲವೇ ದಿನಗಳಲ್ಲಿ ಎಳೆಯ ಸ್ನಾಯುವಿನಲ್ಲಿ ಕಾಣುವ ಮಯೋಜೆನಿನ್ ಮತ್ತು ರಿಸೆಪ್ಟರ್‌ನ ಗ್ಯಾಮಾ ಸಬ್‌ಯೂನಿಟ್ ಪಟ್ಟಿಯ ಹೊರಗೂ ಎದ್ದವು. ಎಪ್ಸಿಲಾನ್ ಮಾತ್ರ ಹೆಚ್ಚುಕಡಿಮೆ ತನ್ನ ಜಾಗದಲ್ಲೇ ಉಳಿಯಿತು. ನರ ಹೋದರೂ ಆ ನ್ಯೂಕ್ಲಿಯಸ್‌ಗಳು ತಮ್ಮ ಕೆಲಸ ಬಿಡುವುದಿಲ್ಲ!

ಮಾಡಿ ನೋಡುವವರು ಎಸ್‌100ಬಿ (ಶ್ವಾನ್ ಕೋಶದ ಗುರುತಿನ ಜೀನ್) ಪ್ರೈಮರ್ ಜೊತೆಗಿಟ್ಟುಕೊಳ್ಳಿ. ಪಟ್ಟಿಯಲ್ಲಿ ನರವನ್ನು ಸುತ್ತುವ ಶ್ವಾನ್ ಕೋಶಗಳೂ ಬರುತ್ತವೆ. ಹೊಸ ಜೀನ್ ಏರಿದ್ದು ಕಂಡರೆ, ಇನ್ ಸಿಟು (ಎಂಆರ್‌ಎನ್‌ಎ ಯಾವ ಕೋಶದಲ್ಲಿದೆ ಎಂದು ಅಂಗಾಂಶದಲ್ಲೇ ನೋಡುವ ಪರೀಕ್ಷೆ) ಮಾಡುವ ತನಕ ಅದು ಸ್ನಾಯುವಿನದೇ ಎಂದು ಬರೆಯಬೇಡಿ.