ಅಪ್‌ಲಿಂಕ್ ಹೋದರೂ ಜಾಗ ಬಿಡದ ಗೇಟ್‌ವೇ: ವಿಆರ್‌ಆರ್‌ಪಿ ಪ್ರಯಾರಿಟಿ ಲೆಕ್ಕ

ಒಂದು ಕಾಲೇಜಿನ ನೆಟ್‌ವರ್ಕ್‌ಗೆ ಎರಡು ಕೋರ್ (ಮುಖ್ಯ) ಸ್ವಿಚ್ ಹಾಕಿಕೊಟ್ಟಿದ್ದೆ. ಎರಡೂ ಸೇರಿ ಕಂಪ್ಯೂಟರ್‌ಗಳಿಗೆ ಒಂದೇ ಗೇಟ್‌ವೇ, ಅಂದರೆ ಹೊರಹೋಗುವ ಬಾಗಿಲು, ಆಗಿ ಕಾಣುವಂತೆ ಮಾಡುವುದು ವಿಆರ್‌ಆರ್‌ಪಿ. ಪ್ರಯಾರಿಟಿ ಸಂಖ್ಯೆ ಹೆಚ್ಚಿರುವ ಸ್ವಿಚ್ ಮಾಸ್ಟರ್ ಆಗಿ ಕೆಲಸ ಮಾಡುತ್ತದೆ, ಇನ್ನೊಂದು ಕಾದಿರುತ್ತದೆ. ಮೊದಲನೆಯದರ ಪವರ್ ತೆಗೆದು ನೋಡಿದಾಗ ಎರಡನೆಯದು ಸರಿಯಾಗಿ ಕೆಲಸ ವಹಿಸಿಕೊಂಡಿತ್ತು. ಕೆಲವು ತಿಂಗಳ ಮೇಲೆ ಮೊದಲನೆಯದರ ಅಪ್‌ಲಿಂಕ್, ಅಂದರೆ ಹೊರಗಿನ ನೆಟ್‌ವರ್ಕ್‌ಗೆ ಹೋಗುವ ಫೈಬರ್, ತುಂಡಾಯಿತು. ಸ್ವಿಚ್ ಆನ್ ಇತ್ತು, ಹೊರಗೆ ಹೋಗುವ ದಾರಿ ಇರಲಿಲ್ಲ, ಆದರೂ ಮಾಸ್ಟರ್ ಆಗಿಯೇ ಉಳಿಯಿತು. ಪರೀಕ್ಷೆಯ ಫಾರಂ ತುಂಬಲು ಬಂದ ಮಕ್ಕಳು ಅರ್ಧ ದಿನ ಕಾದರು. ಅದು ನನಗೆ ಇವತ್ತಿಗೂ ನೋವು.

ಸಿಸ್ಕೊ ಸ್ವಿಚ್‌ನಲ್ಲಿ ನಾನು ಮಾಡುವ ಕ್ರಮ ಹೇಳುತ್ತೇನೆ. ವಿಲ್ಯಾನ್ 10ರಲ್ಲಿ (ಸ್ವಿಚ್‌ನೊಳಗೆ ಬೇರೆ ಮಾಡಿದ ನೆಟ್‌ವರ್ಕ್) ಮೊದಲ ಸ್ವಿಚ್‌ಗೆ 192.168.10.2, ಎರಡನೆಯದಕ್ಕೆ 192.168.10.3 ಕೊಡಿ. ಎರಡರಲ್ಲೂ 'ವಿಆರ್‌ಆರ್‌ಪಿ 10 ಐಪಿ 192.168.10.1' ಎಂದು ಹಾಕಿ. ಇಲ್ಲಿ 10 ಎಂದರೆ ಗುಂಪಿನ ಸಂಖ್ಯೆ. ಕಂಪ್ಯೂಟರ್‌ಗಳಿಗೆ ಗೇಟ್‌ವೇ ಈ 192.168.10.1. ಮೊದಲನೆಯದರಲ್ಲಿ 'ವಿಆರ್‌ಆರ್‌ಪಿ 10 ಪ್ರಯಾರಿಟಿ 120' ಹಾಕಿ. ಎರಡನೆಯದನ್ನು ಮುಟ್ಟಬೇಡಿ, ಡೀಫಾಲ್ಟ್ 100 ಇರುತ್ತದೆ.

ಇನ್ನು ಟ್ರ್ಯಾಕಿಂಗ್. ಅಪ್‌ಲಿಂಕ್ ಪೋರ್ಟ್‌ನ ಲೈನ್ ಪ್ರೋಟೋಕಾಲ್ (ಲಿಂಕ್ ಇದೆಯೋ ಬಿದ್ದಿದೆಯೋ ಎಂಬ ಸ್ಥಿತಿ) ನೋಡುವ ಟ್ರ್ಯಾಕ್ 1 ಮಾಡಿ, ಅದನ್ನು ಗುಂಪು 10ಕ್ಕೆ ಕಟ್ಟಿ. ನಾನೂ ಅಷ್ಟು ಮಾಡಿದ್ದೆ. ಆದರೆ ಡಿಕ್ರಿಮೆಂಟ್, ಅಂದರೆ ಲಿಂಕ್ ಬಿದ್ದಾಗ ಪ್ರಯಾರಿಟಿಯಿಂದ ಕಳೆಯುವ ಸಂಖ್ಯೆ, ಎಷ್ಟು ಅಂತ ಹೇಳಿರಲಿಲ್ಲ. ಹೇಳದಿದ್ದರೆ ಅದು 10. ಲಿಂಕ್ ಬಿದ್ದಾಗ 120 ಇದ್ದದ್ದು 110 ಆಯಿತು. ಎದುರಿಗಿರುವುದು 100. ಹಾಗಿರುವಾಗ ಯಾಕೆ ಜಾಗ ಬಿಡುತ್ತದೆ, ಅಲ್ವಾ? 'ವಿಆರ್‌ಆರ್‌ಪಿ 10 ಟ್ರ್ಯಾಕ್ 1 ಡಿಕ್ರಿಮೆಂಟ್ 30' ಎಂದು ಬರೆಯಿರಿ. ಆಗ 90ಕ್ಕೆ ಇಳಿಯುತ್ತದೆ. ಎರಡನೆಯದರಲ್ಲಿ ಪ್ರಿಎಂಪ್ಟ್ (ಪ್ರಯಾರಿಟಿ ಹೆಚ್ಚಿದ್ದರೆ ಮಾಸ್ಟರ್ ಜಾಗ ಕಿತ್ತುಕೊಳ್ಳುವ ಹಕ್ಕು) ಆನ್ ಇರಲೇಬೇಕು. ಡೀಫಾಲ್ಟ್ ಆಗಿ ಇರುತ್ತದೆ, ಆದರೆ ಯಾರಾದರೂ ತೆಗೆದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ.

ಮೊದಲನೆಯದಕ್ಕೆ ಪ್ರಿಎಂಪ್ಟ್ ಡಿಲೇ 60 ಸೆಕೆಂಡ್ ಕೊಡುತ್ತೇನೆ. ಇಲ್ಲದಿದ್ದರೆ ರೀಬೂಟ್ ಆದ ಕೂಡಲೇ, ರೂಟ್‌ಗಳು ಬರುವ ಮೊದಲೇ ಮಾಸ್ಟರ್ ಪಟ್ಟ ಕಿತ್ತುಕೊಳ್ಳುತ್ತದೆ. ಸ್ವಿಚ್‌ಗಳ ನಡುವೆ ಲೂಪ್ ಆಗದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀಯ ರೂಟ್ ಕೂಡ ಇದೇ ಸ್ವಿಚ್‌ನಲ್ಲಿರಲಿ. ಬೇರೆ ಕಡೆ ಇದ್ದರೆ ಟ್ರಾಫಿಕ್ ಸುಮ್ನೆ ಸುತ್ತುಬಳಸಿ ಹೋಗುತ್ತದೆ.

'ಶೋ ವಿಆರ್‌ಆರ್‌ಪಿ ಬ್ರೀಫ್' ಎರಡೂ ಕಡೆ ನೋಡಿ. ಎರಡೂ ಮಾಸ್ಟರ್ ಎಂದರೆ ಒಂದರ ಮಾತು ಇನ್ನೊಂದಕ್ಕೆ ತಲುಪುತ್ತಿಲ್ಲ. ಸ್ವಿಚ್‌ಗಳ ನಡುವೆ ಹಲವು ವಿಲ್ಯಾನ್ ಒಯ್ಯುವ ಟ್ರಂಕ್ ಲಿಂಕ್‌ನಲ್ಲಿ ವಿಲ್ಯಾನ್ 10 ಬಿಟ್ಟುಹೋಗಿರಬಹುದು, ಅಥವಾ ಆಕ್ಸೆಸ್ ಲಿಸ್ಟ್ (ಟ್ರಾಫಿಕ್ ತಡೆಯುವ ನಿಯಮಗಳ ಪಟ್ಟಿ) 224.0.0.18ಕ್ಕೆ ಹೋಗುವ ಪ್ರೋಟೋಕಾಲ್ 112ನ್ನು, ಅಂದರೆ ವಿಆರ್‌ಆರ್‌ಪಿ ಸಂದೇಶಗಳನ್ನೇ, ತಡೆದಿರಬಹುದು.

ಕೊನೆಗೆ ಒಂದು ಕಂಪ್ಯೂಟರ್‌ನಿಂದ ಹೊರಗಿನ ವಿಳಾಸಕ್ಕೆ ಪಿಂಗ್ ಬಿಟ್ಟು, ಅಪ್‌ಲಿಂಕ್ ಕೇಬಲ್ ಕೀಳಿ. ಪವರ್ ಅಲ್ಲ, ಕೇಬಲ್. ಸುಮಾರು 3.6 ಸೆಕೆಂಡಿನಲ್ಲಿ ಎರಡನೆಯದು ಮಾಸ್ಟರ್ ಆಗಬೇಕು. ಮತ್ತೆ ಚುಚ್ಚಿ, ಒಂದು ನಿಮಿಷ ಕಾಯಿರಿ. ಮೊದಲನೆಯದು ವಾಪಸ್ ಬಂದಿದ್ದನ್ನು ಕಣ್ಣಾರೆ ನೋಡಿದ ಮೇಲೆ ಕಾನ್ಫಿಗ್ ಸೇವ್ ಮಾಡಿ.