ಪಂಜೆಯವರ ಹಾವನ್ನು ಮಕ್ಕಳಿಗೆ ಓದಿಹೇಳುವ ಬಗೆ

ನನ್ನ ಎರಡನೇ ತರಗತಿಯ ಮಕ್ಕಳಿಗೆ ಪಂಜೆ ಮಂಗೇಶರಾಯರನ್ನು ಪರಿಚಯಿಸುವಾಗ ನಾನು ಇಸವಿಗಳ ಪಟ್ಟಿಯಿಂದ ಶುರುಮಾಡುವುದಿಲ್ಲ. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದರು, ಮೇಷ್ಟ್ರಾಗಿದ್ದರು, 'ಕವಿಶಿಷ್ಯ' ಎಂಬ ಹೆಸರಲ್ಲಿ ಬರೆದರು. ಮೊದಲ ದಿನಕ್ಕೆ ಇಷ್ಟು ಸಾಕು.

ನೇರವಾಗಿ 'ನಾಗರಹಾವು' ಪದ್ಯಕ್ಕೆ ಬನ್ನಿ. ಮಕ್ಕಳನ್ನು ನೆಲದ ಮೇಲೆ ದುಂಡಗೆ ಕೂರಿಸಿ, ಪುಸ್ತಕ ನಿಮ್ಮ ಕೈಯಲ್ಲೇ ಇರಲಿ. ಪ್ರತಿ ನುಡಿಯ ಕೊನೆಗೆ ಒಂದೇ ಅಕ್ಷರ ಮತ್ತೆ ಮತ್ತೆ ಬರುತ್ತದಲ್ಲ, ಪದ್ಯದ ಜೀವ ಅಲ್ಲಿದೆ. ಅದನ್ನು ಮಕ್ಕಳಿಗೇ ಬಿಟ್ಟುಕೊಡಿ. 'ಬಾ' ಎನ್ನುವಾಗ ಅಂಗೈ ಚಾಚಿ ಮೆಲ್ಲಗೆ ಕರೆಯಲಿ. 'ನೀ' ಬಂದಾಗ ಕೊಳಲಿನಂತೆ ಎಳೆಯಲಿ, ಏಕೆಂದರೆ ಅದರ ಹಿಂದಿನ ಸಾಲಿನಲ್ಲೇ ಕೊಳಲು ಬಂದಿರುತ್ತದೆ. 'ತಾ' ಬೇಡಿಕೆ, ಬಡವರಿಗಾಗಿ ಚಿನ್ನ ಕೇಳುವ ಮಾತು, ಅವಸರ ಬೇಡ. ಕೊನೆಯ 'ಪೋ'ಗೆ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿಯಲಿ. ಕರೆದವರೇ ಕಳಿಸುವ ಆ ತಿರುವಿನಲ್ಲಿ ನನಗೆ ಇಂದಿಗೂ ರೋಮಾಂಚನವಾಗುತ್ತದೆ.

ಅರ್ಥ ಬಿಡಿಸುವುದು ಆಮೇಲೆ. ಹಾವು ಹಾಲು ಕುಡಿಯುತ್ತದೆಯೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹಾಲು ಅದರ ಆಹಾರವಲ್ಲ, ಇಲಿ ಕಪ್ಪೆ ತಿನ್ನುತ್ತದೆ ಎಂದು ನಿಜವನ್ನೇ ಹೇಳಿ. ನಿಜವಾದ ಹಾವು ಕಂಡರೆ ದೂರ ನಿಲ್ಲಬೇಕೆಂದೂ ಸೇರಿಸಿ.

ಮುಂದಿನ ಪದ್ಯ 'ತೆಂಕಣ ಗಾಳಿಯಾಟ'. ಅದನ್ನು ಮಳೆಗಾಲಕ್ಕೇ ಕಾದಿಡಿ, ಕಿಟಕಿ ತೆರೆದು ಓದಿ. 'ಹುತ್ತರಿ ಹಾಡು' ಸ್ವಲ್ಪ ದೊಡ್ಡ ಮಕ್ಕಳಿಗೆ. ಹುತ್ತರಿ ಎಂದರೆ ಕೊಡಗಿನ ಸುಗ್ಗಿಹಬ್ಬ. ಕೊಡಗಿನ ಭೂಪಟ ಪಕ್ಕದಲ್ಲಿರಲಿ.